ಆಭಾ ಆ್ಯಪ್: ಪಾಳಿ ತಪ್ಪಿತು, ಫೈಲು ತಪ್ಪಲಿಲ್ಲ

★★★☆☆

ಅವ್ವನಿಗೆ ಶುಗರ್, ಬಿಪಿ ಎರಡೂ ಇವೆ. ಮನೆ ಗದಗಿನಲ್ಲಿ, ತೋರಿಸುವುದು ಹುಬ್ಬಳ್ಳಿಯಲ್ಲಿ. ಹೀಗೆ ಎರಡೂರು ಓಡಾಡುವವರಿಗೆ, ಆಸ್ಪತ್ರೆ ದಾಖಲೆಗಳನ್ನು ಮೊಬೈಲಿನಲ್ಲೇ ತೋರಿಸುವ ಆಭಾ ನಿಜವಾಗಿಯೂ ಬೇಕು. ಇದು ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭಾಗ, ಆ ಮಿಷನ್ 2021ರಲ್ಲಿ ದೇಶಕ್ಕೆಲ್ಲ ಬಂತು. ನಾವು ಸೇರಿದ್ದು ಆಮೇಲೆ, ಈಗಲೂ ಬಳಸುತ್ತಿದ್ದೇವೆ.

ಇದು ಬಿಲ್ ಕಟ್ಟುವ ಕಾರ್ಡ್ ಅಲ್ಲ. ಅದಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬೇರೆಯೇ ಇದೆ. ಆಭಾ ಎಂದರೆ ದಾಖಲೆ ಜೋಡಿಸುವ 14 ಅಂಕಿಯ ನಂಬರ್. ನಮ್ಮ ಓಣಿಯಲ್ಲಿ ಎಷ್ಟೋ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ.

ಒಪಿಡಿ ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ತಾನೇ ಹೋಗಿ ಟೋಕನ್ ಬರುತ್ತದೆ. ಮೊಣಕಾಲು ನೋವಿನ ಅವ್ವ ಚೀಟಿಗಾಗಿ ಪಾಳಿಯಲ್ಲಿ ನಿಲ್ಲುವುದು ತಪ್ಪಿತು. ಮೂರು ಸ್ಟಾರಿನಲ್ಲಿ ಎರಡು ಇದಕ್ಕೇ.

ದಾಖಲೆಯ ವಿಷಯದಲ್ಲಿ ಮಾತ್ರ ಬೇಜಾರಿದೆ. ನಂಬರ್ ಮಾಡಿಸಿದ ಕೂಡಲೇ ಹಳೆ ರಿಪೋರ್ಟ್ ಎಲ್ಲ ಬಂದು ಕೂರುವುದಿಲ್ಲ. ಅವು ಆಯಾ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತವೆ. ಅವರು ಆಭಾಕ್ಕೆ ಜೋಡಿಸಿದರೆ ಮಾತ್ರ ನಮಗೆ ಕಾಣುತ್ತವೆ. ನಾವು ಹೋಗುವ ಲ್ಯಾಬ್ ಇವತ್ತಿಗೂ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತದೆ. ಅದನ್ನು ನಾನೇ ಆ್ಯಪಿಗೆ ಹಾಕಬೇಕು. ಇನ್ನೊಂದು ಆಸ್ಪತ್ರೆ ಜೋಡಿಸಿತ್ತು, ಆದರೂ ಹುಡುಕಿದಾಗ ಏನೂ ಸಿಗಲಿಲ್ಲ. ಅವ್ವನ ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಉದ್ದ ಹೆಸರಿದೆ. ಆಸ್ಪತ್ರೆಯಲ್ಲಿ ಬರೀ ಅವ್ವನ ಹೆಸರು ಬರೆದುಕೊಂಡಿದ್ದರು, ಮೊಬೈಲ್ ತಮ್ಮನದು. ಹೆಸರು, ಹುಟ್ಟಿದ ವರ್ಷ, ಮೊಬೈಲ್ ನೋಡಿಯೇ ಅಲ್ವಾ ಹೊಂದಿಸುವುದು? ಚೀಟಿ ಮಾಡಿಸುವಾಗ ಆಧಾರಿನಲ್ಲಿದ್ದಂತೆಯೇ ಬರೆಸಿ. ಕೌಂಟರಿನವರು ಅವಸರ ಮಾಡಿದರೂ ಬಿಡಬೇಡಿ.

ಜಾಸ್ತಿ ಹಿಡಿಸಿದ್ದು ಒಪ್ಪಿಗೆ ಕೇಳುವ ಪದ್ಧತಿ. ಡಾಕ್ಟರಿಗೆ ಹಳೆ ದಾಖಲೆ ಬೇಕಿದ್ದರೆ ಮೊಬೈಲಿಗೆ ಕೋರಿಕೆ ಬರುತ್ತದೆ. ಯಾವುದನ್ನು ತೋರಿಸಬೇಕು, ಎಲ್ಲಿಯವರೆಗೆ ಎಂದು ನಾವೇ ಹೇಳಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂದೆ ತೆಗೆದುಕೊಳ್ಳಲೂಬಹುದು. ಆದರೆ ಅವ್ವನ ಬಳಿ ಸ್ಮಾರ್ಟ್‌ಫೋನ್ ಇಲ್ಲ, ಬಟನ್ ಒತ್ತುವವನು ನಾನು. ದೇಹ ಅವಳದು, ಕಾಯಿಲೆ ಅವಳದು. ಅದಕ್ಕೇ ಪ್ರತಿ ಸಲ ಓದಿ ಹೇಳಿ, ಅವಳು ಹೂಂ ಅಂದ ಮೇಲೇ ಒತ್ತುತ್ತೇನೆ. ಹಿರಿಯರ ಆ್ಯಪ್ ನೋಡಿಕೊಳ್ಳುವವರು ದಯವಿಟ್ಟು ಹೀಗೇ ಮಾಡಿ.

ಕಾಗದದ ಫೈಲು ಸದ್ಯ ಬಿಡುವ ಹಾಗಿಲ್ಲ. ರಕ್ತ ಕೊಡುವ ಮೊದಲು ಲ್ಯಾಬಿನವರನ್ನು ಕೇಳಿ: ರಿಪೋರ್ಟ್ ಆಭಾಕ್ಕೆ ಜೋಡಿಸುತ್ತೀರಾ? ನಾನು ಹೋದಾಗಲೆಲ್ಲ ಕೇಳುತ್ತೇನೆ.