ಗ್ರೇ ಪೇಂಟ್ ಹೊಡೆಸಿ ವರ್ಷಗಳಾದ ಮೇಲೆ ಬರೀತಿರೋ ರಿವ್ಯೂ

ಗ್ರೇ ಬಗ್ಗೆ ಬರೆಯೋರು ಬಹಳಷ್ಟು ಜನ ಪೇಂಟ್ ವಾಸನೆ ಹೋಗೋ ಮುಂಚೆನೇ ಫೋಟೋ ಹಾಕಿ ಐದು ಸ್ಟಾರ್ ಕೊಟ್ಟುಬಿಡ್ತಾರೆ, ಹೊಸದರಲ್ಲಿ ಯಾವ ಬಣ್ಣ ಆದ್ರೂ ಚೆನ್ನಾಗೇ ಕಾಣುತ್ತೆ ಬಿಡಿ. ನಮ್ಮನೇಲಿ ಹಾಲ್‌ಗೆ ತಿಳಿ ಬೂದು, ಬೆಡ್‌ರೂಮಲ್ಲಿ ಮಂಚದ ಹಿಂದಿನ ಗೋಡೆಗೆ ಮಾತ್ರ ಚಾರ್ಕೋಲ್ ಅಂದ್ರೆ ಇದ್ದಿಲಿನಂಥ ಗಾಢ ಗ್ರೇ, ಓದೋ ರೂಮಿಗೆ ಸ್ವಲ್ಪ ಕಂದು ಬೆರೆತ ಗ್ರೇ, ಗ್ರೇಜ್ ಅಂತಾರಲ್ಲ ಅದು, ಹೊಡೆಸಿ ವರ್ಷಗಳೇ ಆಯ್ತು. ಈಗ ನನ್ನ ಅಭಿಪ್ರಾಯ ಏನಂದ್ರೆ ಗ್ರೇ ಅಷ್ಟು ಬೇಗ ಹಳೇದಾಗಲ್ಲ, ಆದ್ರೆ ಪಕ್ಕದಲ್ಲಿರೋದು ಏನೇ ಹಳೇದಾಗಿದ್ರೂ ಅದನ್ನ ಎತ್ತಿ ತೋರಿಸುತ್ತೆ. ಹೊಡೆಸೋ ಮುಂಚೆ ಇದನ್ನ ಯಾರೂ ಹೇಳಲ್ಲ.

ಮೊದಲು ಹಾಲ್. ಶೇಡ್ ಕಾರ್ಡ್‌ನಲ್ಲೋ ಕಂಪನಿ ವೆಬ್‌ಸೈಟ್‌ನಲ್ಲೋ ಎಲ್‌ಆರ್‌ವಿ ಅಂತ ಒಂದು ನಂಬರ್ ಇರುತ್ತೆ ನೋಡಿ, ಗೋಡೆ ಎಷ್ಟು ಬೆಳಕನ್ನ ವಾಪಸ್ ಕೊಡುತ್ತೆ ಅನ್ನೋ ಲೆಕ್ಕ, ಪೂರ್ತಿ ಕಪ್ಪು 0, ಪೂರ್ತಿ ಬಿಳಿ 100. ನಮ್ಮ ಹಾಲ್‌ದು 60ರ ಆಸುಪಾಸು, ಅದಕ್ಕೇ ರೂಮು ಕತ್ತಲೆ ಅನ್ಸಿಲ್ಲ. ಆದ್ರೆ ಈ ನಂಬರ್ ಬೆಳಕಿನ ಪ್ರಮಾಣ ಮಾತ್ರ ಹೇಳುತ್ತೆ, ಒಳಗೆ ಯಾವ ಛಾಯೆ ಅಡಗಿದೆ ಅಂತ ಹೇಳಲ್ಲ. ಗ್ರೇ ಅಂದ್ರೆ ಬರೀ ಕಪ್ಪು ಬಿಳಿ ಕಲಸಿದ್ದು ಅಂದ್ಕೋಬೇಡಿ, ಮೆಷಿನ್‌ನಲ್ಲಿ ಮಿಕ್ಸ್ ಮಾಡುವಾಗ ಕಪ್ಪಿನ ಜೊತೆ ಹಳದಿನೋ ಕೆಂಪೋ ನೀಲಿನೋ ಚೂರುಚೂರು ಬೀಳುತ್ತೆ, ಅದರಿಂದಲೇ ಒಂದು ಗ್ರೇ ಹಸಿರಿನ ಕಡೆ ವಾಲುತ್ತೆ, ಇನ್ನೊಂದು ನೇರಳೆ ಕಡೆ. ಬಣ್ಣ ಇಷ್ಟು ಸೌಮ್ಯ ಇದ್ದಾಗ ಹೊರಗಿಂದ ಬರೋ ಬೆಳಕಿನದೇ ಕಾರುಬಾರು. ನೇರ ಬಿಸಿಲು ಬೀಳದ ಕಿಟಕಿಯಿಂದ ಬರೋದು ಆಕಾಶದ ನೀಲಿ ಬೆಳಕು, ಹಂಗಾಗಿ ನಮ್ಮ ಹಾಲ್‌ನ ಒಂದು ಗೋಡೆ ಬೆಳಿಗ್ಗೆಯೆಲ್ಲ ನೀಲಿ ನೀಲಿ, ಸಂಜೆ ಪಡುವಣ ಬಿಸಿಲು ತಾಕಿದಾಗ ಅದೇ ಗೋಡೆ ಮಣ್ಣಿನ ಬಣ್ಣಕ್ಕೆ ತಿರುಗುತ್ತೆ. ನನಗೆ ಇದು ಇಷ್ಟ. ದಿನವಿಡೀ ಒಂದೇ ಬಣ್ಣ ಇರ್ಬೇಕು ಅನ್ನೋರಿಗೆ ಇದು ಕಿರಿಕಿರಿ ಆಗ್ಬಹುದು.

ಬಲ್ಬ್ ವಿಷಯ ಇದೆಯಲ್ಲ, ಅದು ನಿಧಾನಕ್ಕೆ ಗೊತ್ತಾಗೋದು. ಪೇಂಟ್ ಹೊಡೆಸಿದಾಗ ಎಲ್ಲಾ ಬಲ್ಬೂ ಒಂದೇ ತರ ಇರುತ್ತೆ, ಆಮೇಲೆ ಒಂದು ಹೋಯ್ತು ಅಂತ ಕೈಗೆ ಸಿಕ್ಕಿದ್ದು ತಂದು ಹಾಕ್ತೀವಿ, 2700 ಕೆಲ್ವಿನ್ (ಬೆಳಕು ಹಳದಿನೋ ಬಿಳಿನೋ ಅಂತ ಹೇಳೋ ಅಳತೆ) ಹಳದಿ ಬಲ್ಬ್‌ಗಳ ಮಧ್ಯೆ 6500ರ ಬಿಳಿ ಬಲ್ಬ್ ಒಂದು ಬಂದು ಕೂತ್ರೆ ಗೋಡೆಯ ಅಷ್ಟು ಭಾಗ ಮಾತ್ರ ಆಸ್ಪತ್ರೆ ಕಾರಿಡಾರ್ ಆಗಿಬಿಡುತ್ತೆ. ಕ್ರೀಮ್ ಗೋಡೆಲಿ ಇದು ಅಷ್ಟಾಗಿ ಕಣ್ಣಿಗೆ ಬೀಳಲ್ಲ, ಗ್ರೇಲಿ ರಾಚುತ್ತೆ. ಈಗ ಹಾಲ್‌ನಲ್ಲಿ ಎಲ್ಲಾ 4000 ಕೆಲ್ವಿನ್, ಸಿಆರ್‌ಐ (ಬಲ್ಬ್ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋ ಅಂಕ) 90ಕ್ಕಿಂತ ಮೇಲಿಂದೇ ಇಟ್ಟಿದ್ದೀವಿ, ಸಿಆರ್‌ಐ ಕಮ್ಮಿ ಇರೋ ಬಲ್ಬ್‌ನಲ್ಲಿ ಗ್ರೇ ಮಂಕಾಗಿ ಕೊಳಕು ಕೊಳಕಾಗಿ ಕಾಣ್ತಿತ್ತು.

ಬಾಗಿಲುಗಳ ಕಥೆ ಇನ್ನೂ ಮಜಾ. ಬಾಗಿಲು, ಚೌಕಟ್ಟು ಎರಡಕ್ಕೂ ಬಿಳಿ ಆಯಿಲ್ ಎನಾಮೆಲ್ ಇತ್ತು, ಆಯಿಲ್ ಬಿಳಿ ಕಾಲಕ್ರಮೇಣ ಹಳದಿ ಆಗೇ ಆಗುತ್ತೆ, ಅದೂ ಬೆಳಕು ಕಮ್ಮಿ ಬೀಳೋ ಕಡೆ, ಬಾಗಿಲ ಹಿಂಭಾಗ, ಮೂಲೆ, ಅಲ್ಲೆಲ್ಲ ಜಾಸ್ತಿ. ಹಿಂದಿನ ಕ್ರೀಮ್ ಗೋಡೆ ಪಕ್ಕ ಅದು ಬಿಳಿ ಅಂತಲೇ ಅನ್ಸ್ತಿತ್ತು, ನೀಲಿ ಛಾಯೆಯ ಗ್ರೇ ಬಂದ ಮೇಲೆ ಬಾಗಿಲೆಲ್ಲ ಅರಿಶಿನ ಹಚ್ಚಿದಂಗೆ ಕಾಣೋಕೆ ಶುರುವಾಯ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹಿಂಗೆ ಬದಲಾಯಿಸೋದನ್ನ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದಾರೆ, ನೇಯ್ಗೆ ಕಾರ್ಖಾನೆಲಿ ನೂಲಿನ ಬಣ್ಣ ಸರಿ ಇಲ್ಲ ಅಂತ ದೂರು ಬಂದಾಗ ಹುಡುಕ್ತಾ ಹೋಗಿ, ದೋಷ ಬಣ್ಣದ್ದಲ್ಲ ಪಕ್ಕದ ನೂಲಿಂದು ಅಂತ ಕಂಡುಕೊಂಡವರು. ನಮ್ಮನೆ ಪರಿಹಾರ ಸಿಂಪಲ್, ಬಾಗಿಲು ಉಜ್ಜಿಸಿ ವಾಟರ್ ಬೇಸ್ಡ್ ಎನಾಮೆಲ್ ಹೊಡೆಸಿದ್ವಿ, ಅದು ಅಷ್ಟಾಗಿ ಹಳದಿ ಆಗಲ್ಲ. ಗ್ರೇ ಯೋಚನೆ ಮಾಡ್ತಿರೋರು ಬಾಗಿಲಿನ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.

ಇನ್ನು ಚಾರ್ಕೋಲ್. ರೂಮಿಗೆ ಬಂದೋರೆಲ್ಲ ಹೊಗಳೋದು ಈ ಗೋಡೆನೇ, ನನ್ನ ಜೀವ ತಿನ್ನೋದೂ ಈ ಗೋಡೆನೇ. ಇಷ್ಟು ಗಾಢ ಬಣ್ಣ ಮಾಡೋಕೆ ಡೀಪ್ ಬೇಸ್ (ಬೇಸ್ ಅಂದ್ರೆ ಬಣ್ಣ ಬೆರೆಸೋ ಮುಂಚಿನ ಮೂಲ ಪೇಂಟ್) ಬಳಸ್ತಾರೆ, ಅದರಲ್ಲಿ ಬಿಳಿ ಪಿಗ್ಮೆಂಟ್ ಕಮ್ಮಿ, ಸುರಿಯೋ ಬಣ್ಣ ಜಾಸ್ತಿ. ಬಿಳಿ ಪ್ರೈಮರ್ ಮೇಲೆ ಸೀದಾ ಹೊಡೆದ್ರೆ ಕೋಟ್ ಮೇಲೆ ಕೋಟ್ ಹಾಕ್ತಾನೇ ಇರ್ಬೇಕು, ನಮ್ಮ ಪೇಂಟರ್ ಅಣ್ಣ ಪ್ರೈಮರ್‌ಗೇ ಗ್ರೇ ಬೆರೆಸಿ ಹೊಡೆದಿದ್ರು, ಎರಡು ಕೋಟಲ್ಲಿ ಮುಗೀತು, ಆ ಬುದ್ಧಿವಂತಿಕೆಗೆ ಅವರಿಗೊಂದು ನಮಸ್ಕಾರ. ತೊಂದರೆ ಬಂದಿದ್ದು ಆಮೇಲೆ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಆಗಿದ್ರಿಂದ ದಿಂಬು ತಾಕೋ ಜಾಗ ತಿಕ್ಕಿ ತಿಕ್ಕಿ ಹೊಳೆಯೋಕೆ ಶುರುವಾಗಿದೆ, ಉಗುರು ತಾಕಿದ್ರೂ ಬಿಳಿ ಗೆರೆ, ತಲೆ ಎಣ್ಣೆ ಕಲೆ ಅಂತೂ ಕೇಳ್ಬೇಡಿ. ಅದೇ ಡಬ್ಬಿಯಿಂದ ಟಚ್ ಅಪ್ ಮಾಡಿದ್ರೂ ಆ ಜಾಗ ಪಕ್ಕದಿಂದ ನೋಡಿದ್ರೆ ತೇಪೆ ತರ ಎದ್ದು ಕಾಣುತ್ತೆ, ಹಂಗಾಗಿ ಮೂಲೆಯಿಂದ ಮೂಲೆಗೆ ಇಡೀ ಗೋಡೆನೇ ಹೊಡೀಬೇಕು. ಹಾಗಂತ ಸ್ವಲ್ಪ ಹೊಳಪಿರೋ ಸ್ಯಾಟಿನ್ ಹೊಡೆಸೋಣ ಅಂದ್ರೆ ಪುಟ್ಟಿ ಕೆಲಸ ಕನ್ನಡಿ ತರ ನೈಸಾಗಿರ್ಬೇಕು, ಇಲ್ಲಾಂದ್ರೆ ಓರೆಯಾಗಿ ಬೆಳಕು ಬಿದ್ದಾಗ ಗೋಡೆಯ ಉಬ್ಬುತಗ್ಗೆಲ್ಲ ಕಾಣುತ್ತೆ. ಮಕ್ಕಳ ಕೈ ತಾಕೋ ಗೋಡೆಗೆ, ಓಡಾಡೋ ಪ್ಯಾಸೇಜ್‌ಗೆ ಚಾರ್ಕೋಲ್ ಬೇಡವೇ ಬೇಡ.

ಓದೋ ರೂಮಿನ ಗ್ರೇಜ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ತಕರಾರೇ ಇಲ್ಲ. ಮರದ ಕಪಾಟು, ಕಂದು ನೆಲ, ಹಳದಿ ಬಲ್ಬ್ ಎಲ್ಲದರ ಜೊತೆಗೂ ಹೊಂದಿಕೊಂಡಿದೆ, ಧೂಳೂ ಕಾಣಲ್ಲ. ಒಂದೇ ರೂಮಿಗೆ ಗ್ರೇ ಬೇಕು ಅನ್ನೋರು ಇಲ್ಲಿಂದ ಶುರು ಮಾಡಿ.

ಶೇಡ್ ಆರಿಸೋಕೆ ನನಗೆ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ದಪ್ಪ ರಟ್ಟು. ಸುತ್ತ ಬಿಳಿ ಅಂಚು ಬಿಟ್ಟು ಎರಡು ಕೋಟ್ ಹೊಡೆದು, ಪೂರ್ತಿ ಒಣಗಿಸಿ, ಗೋಡೆಯಿಂದ ಗೋಡೆಗೆ ಒಯ್ದು ಬೆಳಿಗ್ಗೆ ಸಂಜೆ ರಾತ್ರಿ ನೋಡೋದು. ಎಮಲ್ಷನ್, ಅಂದ್ರೆ ಗೋಡೆಗೆ ಹೊಡೆಯೋ ವಾಟರ್ ಬೇಸ್ಡ್ ಪೇಂಟ್, ಹಸಿ ಇದ್ದಾಗ ತಿಳಿ, ಒಣಗಿದ ಮೇಲೆ ಸಾಮಾನ್ಯವಾಗಿ ಒಂಚೂರು ಗಾಢ. ಹಳೇ ಬಣ್ಣದ ಗೋಡೆ ಮೇಲೇ ನೇರ ಪ್ಯಾಚ್ ಹೊಡೆದು ನೋಡಿದ್ರೆ ಆ ಹಳೇ ಬಣ್ಣ ಸುಳ್ಳು ಹೇಳಿಸುತ್ತೆ, ಬಾಗಿಲಿನ ಕಥೆನೇ ಅಲ್ಲೂ. ನೆಲದ ಬಣ್ಣನೂ ಮರೀಬೇಡಿ, ಕೆಂಪು ನೆಲದ ಮೇಲೆ ಬಿಸಿಲು ಬಿದ್ರೆ ಗೋಡೆಯ ಕೆಳಭಾಗ ಗುಲಾಬಿ ಆಗುತ್ತೆ.

ಸೋಫಾ ಗ್ರೇ, ಪರದೆ ಗ್ರೇ, ಕಾರ್ಪೆಟ್ ಗ್ರೇ ಮಾಡೋರೂ ಇದ್ದಾರೆ. ಅವರವರ ಇಷ್ಟ, ನನಗಂತೂ ಅಂಥ ರೂಮಲ್ಲಿ ಕೂತ್ರೆ ಯಾರೋ ಇಂಟರ್‌ವ್ಯೂಗೆ ಕರೀತಾರೆ ಅನ್ಸುತ್ತೆ.

ಮಾರ್ಕ್ಸ್ ಕೊಡೋದಾದ್ರೆ ಹಾಲ್‌ಗೆ ಐದಕ್ಕೆ ನಾಲ್ಕು, ಗ್ರೇಜ್‌ಗೆ ನಾಲ್ಕೂವರೆ, ಚಾರ್ಕೋಲ್‌ಗೆ ನೋಟಕ್ಕೆ ಐದು, ಬಾಳಿಕೆಗೆ ಎರಡು. ಆ ಗೋಡೆಗೆ ಮುಂದಿನ ಸಲ ಬಣ್ಣ ಅದೇ ಇಟ್ಟು ತೊಳೆಯೋಕಾಗೋ ಮ್ಯಾಟ್ ಹೊಡೆಸೋದು, ದಿಂಬು ತಾಕದ ಹಾಗೆ ಮಂಚಕ್ಕೆ ಎತ್ತರದ ಹೆಡ್‌ಬೋರ್ಡ್ ಹಾಕಿಸೋದು ಅಂತ ಮನೇಲಿ ತೀರ್ಮಾನ ಆಗಿದೆ. ಒಂದಕ್ಕಿಂತ ಹೆಚ್ಚು ಡಬ್ಬಿ ತಂದ್ರೆ ಎಲ್ಲಾ ದೊಡ್ಡ ಬಕೆಟ್‌ಗೆ ಸುರಿದು ಕಲಸಿಯೇ ಹೊಡೆಸಿ, ಡಬ್ಬಿಯಿಂದ ಡಬ್ಬಿಗೆ ಇರೋ ಸಣ್ಣ ವ್ಯತ್ಯಾಸ ಗ್ರೇಲಿ ಅಡಗಲ್ಲ. ಉಳಿದಿದ್ದನ್ನ ಗಾಳಿಯಾಡದ ಚಿಕ್ಕ ಡಬ್ಬಿಗೆ ಹಾಕಿ ಶೇಡ್ ಕೋಡ್, ಬೇಸ್, ಫಿನಿಶ್ ಮೂರನ್ನೂ ಮುಚ್ಚಳದ ಮೇಲೆ ಬರೆದಿಡಿ.