ಎರಡು ಇಂಟರ್ನೆಟ್ ಸಂಪರ್ಕ, ಹಂಚಲು ಮೂರು ದಾರಿ: ಬಳಸಿ ನೋಡಿದ ಹೋಲಿಕೆ

ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಗೆ ಎರಡು ಇಂಟರ್ನೆಟ್ ಸಂಪರ್ಕಗಳಿವೆ. ಒಂದು, ಸೆಕೆಂಡಿಗೆ 40 ಮೆಗಾಬಿಟ್ ವೇಗದ ಫೈಬರ್. ಇನ್ನೊಂದು, ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದಾಗ ಇರಲೆಂದು ತಂದಿಟ್ಟ 4ಜಿ ರೌಟರ್; ಮಹಡಿಯ ಕಿಟಕಿಯಲ್ಲಿ ಇಟ್ಟರೆ 12ರಿಂದ 15 ಮೆಗಾಬಿಟ್ ಕೊಡುತ್ತದೆ, ಆದರೆ ದಿನಕ್ಕೆ 2 ಜಿಬಿಯ ಮಿತಿಯಿದೆ. ವರ್ಷದ ಬಹುಪಾಲು ಸುಮ್ಮನೆ ಕೂರುವ ಇದನ್ನೂ ದುಡಿಸಿಕೊಳ್ಳೋಣವೆಂದು ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪೊಂದನ್ನೂ ರೌಟರ್‌ಗಳಿಗೆಂದೇ ಇರುವ ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಹಾಕಿದ ರೌಟರೊಂದನ್ನೂ ಹೊಂದಿಸಿಕೊಂಡು, ಡಿಸ್ಪ್ಯಾಚ್ ಪ್ರಾಕ್ಸಿ, ಎಂವ್ಯಾನ್3, ಸ್ಕ್ವಿಡ್ ಎಂಬ ಮೂರು ವಿಧಾನಗಳನ್ನು ತಲಾ ಎರಡು ವಾರ ಬಳಸಿದೆ.

ಈ ಮೂರರಲ್ಲಿ ಯಾವುದೂ 40 ಮತ್ತು 15ನ್ನು ಕೂಡಿಸಿ 55 ಮಾಡುವುದಿಲ್ಲ. ಹಂಚಿಕೆಯಾಗುವುದು ಟಿಸಿಪಿ ಸಂಪರ್ಕಗಳೇ (ನಮ್ಮ ಸಾಧನಕ್ಕೂ ಒಂದು ತಾಣಕ್ಕೂ ನಡುವೆ ನಡೆಯುವ ಒಂದೊಂದು ಮಾತುಕತೆ) ಹೊರತು ಅಂಥ ಒಂದು ಸಂಪರ್ಕದೊಳಗೆ ಡೇಟಾ ಹೊತ್ತು ಸಾಗುವ ಪುಟ್ಟ ಕಟ್ಟುಗಳಾದ ಪ್ಯಾಕೆಟ್‌ಗಳಲ್ಲ. ಫೈಬರ್‌ನ ಐಪಿ ವಿಳಾಸದಿಂದ ಆರಂಭವಾದ ಡೌನ್‌ಲೋಡ್ ಕೊನೆಯವರೆಗೂ ಫೈಬರ್‌ನಲ್ಲೇ ಸಾಗಬೇಕು. ಒಂದೇ ಕಡತವನ್ನು ಹಲವು ತುಂಡುಗಳಾಗಿ ಬೇರೆ ಬೇರೆ ಟಿಸಿಪಿ ಸಂಪರ್ಕಗಳಲ್ಲಿ ಕೇಳುವ ಆರಿಯಾ2 ತರಹದ ತಂತ್ರಾಂಶ ಬಳಸಿದಾಗ ಮಾತ್ರ ಎರಡರ ವೇಗವೂ ಒಟ್ಟಿಗೆ ಕಂಡಿತು.

ಮೊದಲು ಡಿಸ್ಪ್ಯಾಚ್ ಪ್ರಾಕ್ಸಿ. ಇದು ಚಿಕ್ಕದೊಂದು ಸಾಕ್ಸ್5 ಪ್ರಾಕ್ಸಿ, ಅಂದರೆ ನಮ್ಮ ಕೋರಿಕೆಗಳನ್ನು ತಾನು ಪಡೆದು ಹೊರಗೆ ದಾಟಿಸುವ ಮಧ್ಯವರ್ತಿ ತಂತ್ರಾಂಶ. ಎರಡೂ ಸಂಪರ್ಕಗಳ ಸ್ಥಳೀಯ ವಿಳಾಸಗಳನ್ನೂ ಅವುಗಳ ತೂಕವನ್ನೂ ಕೊಟ್ಟರೆ ಸಾಕು, ಹತ್ತೇ ನಿಮಿಷದಲ್ಲಿ ಕೆಲಸ ಶುರು. ನಾನು 7:3 ಎಂದು ಕೊಟ್ಟಿದ್ದೆ. ಈ ಅನುಪಾತ ಲೆಕ್ಕ ಹಾಕುವುದು ಟಿಸಿಪಿ ಸಂಪರ್ಕಗಳ ಸಂಖ್ಯೆಯನ್ನು, ಡೇಟಾದ ಪ್ರಮಾಣವನ್ನಲ್ಲ ಎಂಬುದು ಮೂರನೆಯ ದಿನ ಅರಿವಾಯಿತು: ದೊಡ್ಡದೊಂದು ವಿಡಿಯೊ 4ಜಿಯ ಪಾಲಿಗೆ ಬಿದ್ದು, ಬೆಳಗಿನ ಹನ್ನೊಂದಕ್ಕೇ ದಿನದ ಡೇಟಾ ಮುಗಿದಿತ್ತು. ಅದಕ್ಕಿಂತ ಕಿರಿಕಿರಿಯಾದದ್ದು ಬ್ಯಾಂಕಿನ ಪುಟ. ಒಂದೇ ಲಾಗಿನ್‌ನ ಎರಡು ಕೋರಿಕೆಗಳು ಎರಡು ಐಪಿ ವಿಳಾಸಗಳಿಂದ ಹೋದರೆ ಅದು ಅನುಮಾನಪಟ್ಟು ಹೊರಹಾಕುತ್ತದೆ. "ಏನ್ರೀ, ಒಟಿಪಿ ಹಾಕಿದ್ರೂ ಮತ್ತೆ ಲಾಗಿನ್ ಕೇಳ್ತಿದೆ" ಎಂಬ ಮಾತು ಒಳಗಿನಿಂದ ಎರಡನೆಯ ಸಲ ಬಂದ ಮೇಲೆ ಅದನ್ನು ನಿಲ್ಲಿಸಿದೆ.

ರೌಟರ್‌ನಲ್ಲಿಯೇ ಹಂಚುವ ಎಂವ್ಯಾನ್3 ಇದಕ್ಕಿಂತ ಬಹಳ ಪ್ರೌಢ. ಟಿವಿ, ಮೊಬೈಲು ಯಾವುದರಲ್ಲೂ ಪ್ರಾಕ್ಸಿ ತುಂಬುವ ಗೊಡವೆಯಿಲ್ಲ. ಹೊರಗೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತಾ, ಅಂದರೆ ಪಿಂಗ್ ಮಾಡುತ್ತಲೇ ಇದ್ದು, ಫೈಬರ್ ಸತ್ತರೆ ತಾನೇ 4ಜಿಗೆ ಹೊರಳುತ್ತದೆ. ಸ್ಟಿಕಿ ಎಂಬ ಆಯ್ಕೆ ಒಂದು ಸಾಧನವನ್ನು ನಿಗದಿತ ಸಮಯದವರೆಗೆ ಒಂದೇ ಸಂಪರ್ಕಕ್ಕೆ ಕಟ್ಟಿಹಾಕುವುದರಿಂದ ಬ್ಯಾಂಕಿನ ತಕರಾರೂ ನಿಂತಿತು. ಕೊರತೆಯೆಂದರೆ ಅದರ ನಿಯಮಗಳು ಮೂಲತಃ ಐಪಿ ವಿಳಾಸ ಮತ್ತು ಪೋರ್ಟ್‌ಗಳ (ಒಂದೊಂದು ಬಗೆಯ ಸೇವೆಗೆ ಇರುವ ಬಾಗಿಲು ಸಂಖ್ಯೆ) ಭಾಷೆಯಲ್ಲಿರುತ್ತವೆ. ಇಂದು ಬಹುತೇಕ ಎಲ್ಲವೂ ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್‌ನಲ್ಲೇ ಹರಿಯುವಾಗ ವಿಡಿಯೊ ಯಾವುದು, ಕಚೇರಿಯ ಕೆಲಸ ಯಾವುದು ಎಂದು ಬೇರ್ಪಡಿಸಲು ಹೆಚ್ಚುವರಿ ಸರ್ಕಸ್ ಬೇಕಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಓಡುವ ವೆಬ್ ಪ್ರಾಕ್ಸಿ ಸ್ಕ್ವಿಡ್ ಗೆದ್ದದ್ದು ಇಲ್ಲಿಯೇ. ಒಳಗಿನದನ್ನು ಗೂಢಲಿಪಿಯಲ್ಲಿ ಮುಚ್ಚಿಡುವ ಎಚ್‌ಟಿಟಿಪಿಎಸ್ ಆದರೂ ಬ್ರೌಸರ್, ದಾರಿ ತೆರೆಯೆಂದು ಕೇಳುವ ಕನೆಕ್ಟ್ ಕೋರಿಕೆಯಲ್ಲಿ ತಾಣದ ಹೆಸರನ್ನು ಪ್ರಾಕ್ಸಿಗೆ ಹೇಳಲೇಬೇಕು. ಹಾಗಾಗಿ ಕಚೇರಿಯ ತಾಣ ಮತ್ತು ಇಮೇಲ್ 4ಜಿಯಲ್ಲಿ, ಉಳಿದದ್ದೆಲ್ಲ ಫೈಬರ್‌ನಲ್ಲಿ ಎಂದು ಹೆಸರು ಹಿಡಿದೇ ಬರೆಯಬಹುದು. ಆದರೆ ಸ್ಕ್ವಿಡ್‌ನಲ್ಲಿ ಹೊರಹೋಗುವ ವಿಳಾಸವನ್ನಷ್ಟೇ ಸೂಚಿಸಿದರೆ ಸಾಲದು. ಲಿನಕ್ಸ್ ಸಾಮಾನ್ಯವಾಗಿ ದಾರಿ ಆರಿಸುವುದು ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂಬುದನ್ನು ನೋಡಿ, ಎಲ್ಲಿಂದ ಹೊರಟಿತು ಎಂಬುದನ್ನಲ್ಲ. 4ಜಿಯ ವಿಳಾಸ ಹೊತ್ತ ಪ್ಯಾಕೆಟ್‌ಗಳು ಫೈಬರ್ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಯಾವ ಪ್ಯಾಕೆಟ್ ಯಾವ ಬಾಗಿಲಿಗೆ ಎಂದು ಹೇಳುವ ಎರಡು ರೌಟಿಂಗ್ ಕೋಷ್ಟಕಗಳನ್ನೂ, ಮೂಲ ವಿಳಾಸ ನೋಡಿ ಕೋಷ್ಟಕ ಆರಿಸುವ ಎರಡು ನಿಯಮಗಳನ್ನೂ ಬರೆಯುವುದರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಅದಾದ ಮೇಲೂ 4ಜಿಯ ಮೀಟರು ಅಷ್ಟಾಗಿ ಏರಲಿಲ್ಲ. ಕಾರಣ ಐಪಿ ವಿಳಾಸಗಳ ಹೊಸ ಪೀಳಿಗೆಯಾದ ಐಪಿವಿ6: ಫೈಬರ್‌ನವರು ಅದನ್ನೂ ಕೊಡುತ್ತಿದ್ದರು, ನಾನು ಬರೆದದ್ದು ಹಳೆಯ ಬಗೆಯ ಐಪಿವಿ4 ವಿಳಾಸ, ಆದ್ದರಿಂದ ಐಪಿವಿ6 ಇರುವ ತಾಣಗಳೆಲ್ಲ ನನ್ನ ನಿಯಮಕ್ಕೆ ಸಿಕ್ಕದೆ ಪಕ್ಕದ ಓಣಿಯಿಂದ ಜಾರಿಕೊಳ್ಳುತ್ತಿದ್ದವು. ಆ ಲ್ಯಾಪ್‌ಟಾಪ್‌ನಲ್ಲಿ ಐಪಿವಿ6 ಮುಚ್ಚಿದ ಮೇಲೆ ಲೆಕ್ಕ ಸರಿಹೋಯಿತು.

ಸ್ಕ್ವಿಡ್‌ಗೆ ಫೈಬರ್ ಸತ್ತದ್ದು ತಾನಾಗಿ ತಿಳಿಯುವುದಿಲ್ಲ. ಅದಕ್ಕೆ ಪ್ರತಿ 15 ಸೆಕೆಂಡಿಗೊಮ್ಮೆ ಪಿಂಗ್ ಮಾಡಿ ದಾರಿ ಬದಲಿಸುವ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಇಷ್ಟನ್ನು ಎಂವ್ಯಾನ್3 ಪುಕ್ಕಟೆಯಾಗಿ ಕೊಡುತ್ತಿತ್ತು ಎಂಬುದನ್ನು ಒಪ್ಪಲೇಬೇಕು. ಮನೆ ತುಂಬ ಮೊಬೈಲುಗಳೇ ಇರುವವರು, ಕಡಿತದ ಭಯವೊಂದನ್ನೇ ನೀಗಿಸಿಕೊಳ್ಳಬೇಕಾದವರು ಅದನ್ನೇ ಹಾಕಿಕೊಳ್ಳಲಿ. ನನಗೆ ಬೇಕಿದ್ದದ್ದು ಮಗ ಫೈಬರ್‌ನಲ್ಲಿ ವಿಡಿಯೊ ನೋಡುತ್ತಿರುವಾಗಲೂ ಕಚೇರಿಯ ಪುಟಗಳು ತಡವರಿಸದೆ ತೆರೆದುಕೊಳ್ಳುವುದು. ಸ್ಕ್ವಿಡ್ ಅದನ್ನು ಮಾಡುತ್ತಿದೆ, 4ಜಿಯ 2 ಜಿಬಿ ಸಂಜೆಯವರೆಗೂ ಉಳಿಯುತ್ತಿದೆ.