ತುಮಕೂರಿನ ಒಂದು ಲೇತ್ ಅಂಗಡಿ ಮತ್ತು 26 ಥ್ರೆಡ್‌ನ ನಟ್

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಕಿರುಬೀದಿಯೊಂದರಲ್ಲಿ, ಬೋರ್‌ವೆಲ್ ಪಂಪಿನ ಶಾಫ್ಟ್‌ಗಳೂ ಟ್ರ್ಯಾಕ್ಟರಿನ ಬುಷ್‌ಗಳೂ ಬಾಗಿಲವರೆಗೆ ರಾಶಿ ಬಿದ್ದಿರುವ ಒಂದು ಲೇತ್ ಅಂಗಡಿಯಿದೆ. ಹೊರಗೆ ಬೋರ್ಡಿಲ್ಲ. ಹಳೆಯ ರೇಸಿಂಗ್ ಸೈಕಲ್ಲೊಂದನ್ನು ಮತ್ತೆ ರಸ್ತೆಗಿಳಿಸಲು ಹೊರಟ ನನಗೆ, ಬಿಡಿಭಾಗ ಮಾರುವ ಯಾವ ಅಂಗಡಿಗಿಂತಲೂ ಹೆಚ್ಚು ನೆರವಾದದ್ದು ಸೈಕಲ್ ಬಿಡಿಭಾಗವನ್ನೇ ಮಾರದ ಈ ಜಾಗ. ನನ್ನಂತೆಯೇ ಹಳೆಯ ಫ್ರೇಮ್ ಇಟ್ಟುಕೊಂಡು ಬೆಂಗಳೂರಿಗೆ ಅಲೆಯುತ್ತಿರುವವರು ಈ ಸುತ್ತಿನಲ್ಲಿ ಹಲವರಿರುವುದರಿಂದ, ಇಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸೈಕಲ್ಲು ನನ್ನ ಸೋದರಮಾವ ಇಂಗ್ಲೆಂಡಿನಿಂದ ಮರಳುವಾಗ ಜೊತೆಗೆ ತಂದದ್ದು. 1970ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ರ್‍ಯಾಲೆ. ಕೆಳಕ್ಕೆ ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಕಾಟರ್ ಪಿನ್ ಹೊಡೆದು ಆಕ್ಸಲ್ಲಿಗೆ ಬಿಗಿಯುವ ಕ್ರ್ಯಾಂಕ್ (ಪೆಡಲ್ ಕೂರುವ ತೋಳು). ನನ್ನ ಕೈಗೆ ಬಂದಾಗ ಫ್ರೇಮ್, ಫೋರ್ಕ್, ಕ್ರ್ಯಾಂಕ್ ಮತ್ತು ಬ್ರೇಕ್‌ಗಳು ಮಾತ್ರ ಉಳಿದಿದ್ದವು. ಚಕ್ರಗಳು ಎಂದೋ ಗುಜರಿಗೆ ಹೋಗಿದ್ದವು, ಸೀಟಿನ ಪೈಪು ಕಾಣೆಯಾಗಿತ್ತು, ಹ್ಯಾಂಡಲ್ ಬುಡದಲ್ಲಿ ಫೋರ್ಕನ್ನು ಹಿಡಿದಿಡುವ ಲಾಕ್ ನಟ್ ಸೀಳಿ ಬಿದ್ದಿತ್ತು.

ಕಷ್ಟ ಶುರುವಾದದ್ದು ಆ ನಟ್‌ನಿಂದಲೇ. ಇಂದಿನ ಒಂದಿಂಚಿನ ಥ್ರೆಡ್ ಇರುವ ಫೋರ್ಕ್‌ಗಳಲ್ಲಿ ಇಂಚಿಗೆ 24 ಥ್ರೆಡ್ ಇರುವುದು ವಾಡಿಕೆ. ಆದರೆ ರ್‍ಯಾಲೆಯವರು ನಾಟಿಂಗ್‌ಹ್ಯಾಮ್ ಕಾರ್ಖಾನೆಯ ಬಹುಪಾಲು ಸೈಕಲ್‌ಗಳಿಗೆ 26 ಥ್ರೆಡ್‌ನ ತಮ್ಮದೇ ಅಳತೆಯನ್ನು ಬಹುಕಾಲ ಉಳಿಸಿಕೊಂಡಿದ್ದರು. ಅಂಕಿಯಲ್ಲಿ ಹೇಳುವುದಾದರೆ ಮೊದಲನೆಯದರಲ್ಲಿ ಒಂದು ಸುತ್ತಿಗೆ 1.058 ಮಿ.ಮೀ., ಎರಡನೆಯದರಲ್ಲಿ 0.977 ಮಿ.ಮೀ.; ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಐದು ಸುತ್ತು ಕಳೆಯುವಷ್ಟರಲ್ಲಿ 0.4 ಮಿ.ಮೀ. ತಪ್ಪಿರುತ್ತದೆ. ಈಗಿನ ಗೇರ್ ಸೈಕಲ್ಲಿನ ನಟ್ ಒಂದನ್ನು ಕೂರಿಸಿ ನೋಡಿದಾಗ ಅದು ಎರಡು ಸುತ್ತು ಸಲೀಸಾಗಿ ಹೋಗಿ, ಮೂರನೆಯದಕ್ಕೆ ಕಚ್ಚಿಕೊಂಡಿತು. ಪಟ್ಟಣದ ಒಂದು ಅಂಗಡಿಯಲ್ಲಿ, ಹೆಸರು ಹೇಳುವುದು ಬೇಡ, ಹುಡುಗನೊಬ್ಬ ಅದಕ್ಕೆ ಉದ್ದನೆಯ ಸ್ಪ್ಯಾನರ್ ಹಾಕಲು ಹೊರಟಿದ್ದ. ನಾನು ಕೈ ಹಿಡಿದು ನಿಲ್ಲಿಸದಿದ್ದರೆ ಐವತ್ತು ವರ್ಷ ಬಾಳಿದ ಫೋರ್ಕಿನ ಥ್ರೆಡ್ ಅಲ್ಲಿಯೇ ಕೊಚ್ಚಿ ಹೋಗುತ್ತಿತ್ತು. ಹಳೆಯ ಸೈಕಲ್‌ಗಳು ಕೆಡುವುದು ಹೆಚ್ಚಾಗಿ ಹೀಗೆಯೇ ಎಂದು ಈಗ ನನಗೆ ಅನ್ನಿಸುತ್ತದೆ: ಸವೆದು ಹಾಳಾಗುವುದಕ್ಕಿಂತ, ಅಳತೆ ನೋಡದೆ ಬಲ ಹಾಕಿದ್ದರಿಂದ ಹಾಳಾದವೇ ಹೆಚ್ಚು.

ಲೇತ್ ಅಂಗಡಿಯ ದಾರಿ ತೋರಿಸಿದವರು ಮಂಡಿಪೇಟೆಯ ಕಡೆ ಸೈಕಲ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು. ಲೇತ್ ಯಜಮಾನರಿಗೆ ಅರವತ್ತು ದಾಟಿದೆ. 1978ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿದ ನಮ್ಮೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಸೀಳಿದ ನಟ್ಟನ್ನು ಅವರ ಕೈಗಿತ್ತಾಗ ಅವರು ಅದನ್ನು ಬೆಳಕಿಗೆ ಹಿಡಿದು, ಥ್ರೆಡ್ ಗೇಜಿನ ಎಲೆಗಳನ್ನು ಒಂದೊಂದಾಗಿ ಇಟ್ಟು ನೋಡಿ, “ನಟ್ ತಂದಿದ್ದೀರಲ್ಲ ಸ್ವಾಮಿ, ಫೋರ್ಕನ್ನೇ ತನ್ನಿ. ಒಡೆದ ನಟ್ಟಿನ ಮಾತು ನಂಬಿ ನಾನು ಕಟಿಂಗ್ ಹಾಕೋದಿಲ್ಲ” ಎಂದರು. ಮಾರನೆಯ ದಿನ ಫೋರ್ಕ್ ಒಯ್ದೆ. ಅದರ ಹೊರಸುತ್ತನ್ನು ಮೂರು ಕಡೆ ಅಳೆದು, ಸವೆತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಅವರು ಕೆಲಸ ಒಪ್ಪಿಕೊಂಡದ್ದು. ನನಗೆ ಈ ಅಂಗಡಿಯ ಮೇಲೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆರು ಮೂಲೆಯ ಕಬ್ಬಿಣದ ಸರಳಿನಿಂದ ತುಂಡು ಕತ್ತರಿಸಿ, ಲೇತಿನ ಗೇರ್‌ಗಳನ್ನು ಇಂಚಿಗೆ 26 ಬರುವಂತೆ ಬದಲಿಸಿ, ಒಳಥ್ರೆಡ್ಡನ್ನು ಒಂದೇ ಮೊನೆಯ ಉಳಿಯಿಂದ ಸಣ್ಣ ಸಣ್ಣ ಕಟಿಂಗ್‌ಗಳಲ್ಲಿ ತೆಗೆಯುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಕೊನೆಯ ನಾಲ್ಕೈದು ಸುತ್ತಿನಲ್ಲಿ ಪ್ರತಿಸಲವೂ ಯಂತ್ರ ನಿಲ್ಲಿಸಿ ಫೋರ್ಕನ್ನೇ ತಿರುಗಿಸಿ ನೋಡುತ್ತಿದ್ದರು. ಮೊದಲು ಮಾಡಿದ ನಟ್ ಎಂಟು ಮಿ.ಮೀ. ದಪ್ಪವಿದ್ದು, ಕೆಳಗಿನ ವಾಷರ್ ಸೇರಿದಾಗ ಫೋರ್ಕಿನ ಮೇಲೆ ಎರಡು ಮೂರು ಥ್ರೆಡ್ ಮಾತ್ರ ಹಿಡಿಯುತ್ತಿತ್ತು. ಅದನ್ನು ನಾನು ತೋರಿಸಿದಾಗ ಅವರು ಬೇಸರಿಸದೆ, ಒಳಗಿನ ತುಟಿಯನ್ನು ಕಡಿಮೆ ಮಾಡಿ ಆರು ಮಿ.ಮೀ.ಗೆ ಇಳಿಸಿಕೊಟ್ಟರು. ಈಗ ಅದು ಬೆರಳಿನಿಂದ ತಿರುಗಿಸಿದರೆ ಕೊನೆಯವರೆಗೂ ಅಲುಗಾಟವಿಲ್ಲದೆ ಇಳಿಯುತ್ತದೆ. ಕೂಲಿ 450 ರೂಪಾಯಿ. ಹೊಳಪಿನ ಲೇಪನ ಇವರಲ್ಲಿ ಇಲ್ಲ. ಬರಿಯ ಕಬ್ಬಿಣವಾದ್ದರಿಂದ ಮಳೆಗಾಲದಲ್ಲಿ ಎಣ್ಣೆ ಸವರುತ್ತಿರಬೇಕು. ಅಂದಕ್ಕೆ ಪ್ರಾಶಸ್ತ್ಯ ಕೊಡುವವರಿಗೆ ಇದೊಂದು ಕೊರತೆಯೇ ಸರಿ.

ಸೀಟಿನ ಪೈಪಿನ ವಿಷಯದಲ್ಲಿ ಅವರ ಸಲಹೆ ನನ್ನ ಯೋಜನೆಗಿಂತ ಒಳ್ಳೆಯದಾಗಿತ್ತು. ನನ್ನ ಫ್ರೇಮಿಗೆ ಬೇಕಾದದ್ದು 26.4 ಮಿ.ಮೀ.ನ ಪೈಪು, ಸಿಗುತ್ತಿದ್ದದ್ದು 25.4 ಮತ್ತು 27.2. ಚಿಕ್ಕದನ್ನು ಕೊಂಡು, ಅರ್ಧ ಮಿ.ಮೀ. ದಪ್ಪದ ತಗಡು ಸುತ್ತಿಸೋಣವೆಂದು ನಾನು ಹೊರಟಿದ್ದೆ. ಅವರು 27.2ರ ಅಲ್ಯೂಮಿನಿಯಂ ಪೈಪನ್ನೇ ತರಿಸಿ, ಗೋಡೆ ಸಾಕಷ್ಟು ದಪ್ಪವಿದೆಯೇ ಎಂದು ಮೊದಲು ಅಳೆದು, ಸುತ್ತಲೂ 0.4 ಮಿ.ಮೀ. ಇಳಿಸಿದರು. ಉಳಿಯ ಗೀರು ಉಳಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆಂದು ಕೊನೆಗೆ ಎಮರಿ ಕಾಗದದಲ್ಲಿ ಉಜ್ಜಿ ನುಣುಪು ಮಾಡಿದರು. ಇಳಿಸುವಾಗ ಒಳಗೆ ಕನಿಷ್ಠ ಎಷ್ಟು ಇರಬೇಕೆಂಬ ಗುರುತು ಅಳಿಸಿಹೋಯಿತೆಂದು, ಅದೇ ಎತ್ತರಕ್ಕೆ ಮತ್ತೆ ಒಂದು ಗುರುತನ್ನು ಬಣ್ಣದಲ್ಲಿ ಹಾಕಿಕೊಟ್ಟದ್ದು ನಾನು ಕೇಳದೇ ಇದ್ದ ಕೆಲಸ. ಇದಕ್ಕೆ 150 ರೂಪಾಯಿ.

ಚಕ್ರಗಳ ಕಥೆ ಇನ್ನೂ ಉದ್ದ, ಮತ್ತು ಇಲ್ಲಿ ಓದುಗರು ಎಚ್ಚರವಾಗಿರಬೇಕು. ಈ ಸೈಕಲ್ಲಿಗೆ ಮೂಲದಲ್ಲಿದ್ದದ್ದು 27 ಇಂಚಿನ ಚಕ್ರ, ಅಂದರೆ ಟೈರ್ ಕೂರುವ ಜಾಗದ ವ್ಯಾಸ 630 ಮಿ.ಮೀ. ನಮ್ಮ ಹಾಲಿನವರ, ಪೋಸ್ಟ್‌ಮ್ಯಾನ್‌ಗಳ ದೊಡ್ಡ ಸೈಕಲ್ಲಿನ 28 ಇಂಚಿನ ಟೈರಿನದು 635. ಇಂದಿನ ಹೈಬ್ರಿಡ್ ಸೈಕಲ್‌ಗಳ 700ಸಿ ಚಕ್ರದ್ದು 622. ಪಕ್ಕಪಕ್ಕದಲ್ಲಿಟ್ಟರೆ ಮೂರೂ ಒಂದೇ ಎನ್ನಿಸುತ್ತದೆ; ಆದರೆ 635ರ ಟೈರು 630ರ ರಿಮ್ಮಿನ ಮೇಲೆ ಸಡಿಲವಾಗಿ ಕುಳಿತು, ಗಾಳಿ ತುಂಬಿದೊಡನೆ ಹೊರಗೆ ಜಾರುತ್ತದೆ. ಸಿಕ್ಕಿದ ಟೈರನ್ನೇ ಹಾಕಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬಾರದು. 27 ಇಂಚಿನ ಟೈರು ನನಗೆ ಊರಲ್ಲಿ ಸಿಗದ ಕಾರಣ 700ಸಿಗೆ ಬದಲಿಸಿದೆ. ರಿಮ್ಮು ಎಂಟು ಮಿ.ಮೀ. ಚಿಕ್ಕದಾದ್ದರಿಂದ ಬ್ರೇಕ್ ರಬ್ಬರು ನಾಲ್ಕು ಮಿ.ಮೀ. ಕೆಳಗೆ ಬರಬೇಕು, ಹಳೆಯ ಬ್ರೇಕಿನ ಸೀಳಿನಲ್ಲಿ ಅಷ್ಟು ಜಾಗ ಇದ್ದದ್ದು ನನ್ನ ಅದೃಷ್ಟ. ಹೊಸ ಬ್ರೇಕ್ ಕೂರಿಸಲು ಫೋರ್ಕಿನ ಹಿಂದಿನ ತೂತನ್ನು ಎಂಟು ಮಿ.ಮೀ.ಗೆ ಕೊರೆಯಿರಿ ಎಂದು ಹಿಂದೊಮ್ಮೆ ಕೇಳಿದ್ದೆ. ಯಜಮಾನರು ಆ ಮಾತಿಗೆ ಒಪ್ಪಿರಲಿಲ್ಲ, ಮುಂದೆ ಅದರ ಅಗತ್ಯವೂ ಬೀಳಲಿಲ್ಲ.

ಹಿಂದಿನ ಚಕ್ರದ ನಡುವಿನ ಹಬ್ ಮಾತ್ರ ಲೇತಿಗೆ ಹೋಗಲೇಬೇಕಾಯಿತು. ಹಿಂದಿನ ಫೋರ್ಕಿನ ಅಗಲ ಐದು ಗೇರಿನ ಕಾಲದ 120 ಮಿ.ಮೀ., ಸಿಕ್ಕ ಹಬ್ಬಿನದು 135. ಎಡಬದಿಯ ಉಂಗುರಗಳನ್ನು ತೆಗೆದು ಹೊಸದು ಮಾಡಿ, ಆಕ್ಸಲ್ ಕತ್ತರಿಸಿ, ಅದನ್ನು 126ಕ್ಕೆ ಇಳಿಸಿದರು. ಒಂಬತ್ತು ಮಿ.ಮೀ. ಎಡದಿಂದಲೇ ಹೋದದ್ದರಿಂದ ನಡುಗೆರೆ ನಾಲ್ಕೂವರೆ ಮಿ.ಮೀ. ಬಲಕ್ಕೆ ಸರಿಯಿತು, ರಿಮ್ಮನ್ನೂ ಅಷ್ಟೇ ಬಲಕ್ಕೆ ಎಳೆಯಲು ಮಂಡಿಪೇಟೆಯ ಹಿರಿಯರು ಮೂವತ್ತಾರು ಕಡ್ಡಿಗಳನ್ನೂ ಸಡಿಲಿಸಿ ಮತ್ತೆ ಬಿಗಿದರು. ಉಳಿದ ಆರು ಮಿ.ಮೀ.ಗಾಗಿ ಫ್ರೇಮನ್ನೇ ಬದಿಗೆ ಮೂರರಂತೆ ಅಗಲಿಸಬೇಕಾಯಿತು. ಉಕ್ಕಿನ ಫ್ರೇಮಾದ್ದರಿಂದ ಇದು ಸಾಧ್ಯ, ಅಲ್ಯೂಮಿನಿಯಂ ಆಗಿದ್ದರೆ ಯೋಚಿಸಲೂ ಬಾರದು. ಒಂದು ಬದಿಯಿಂದ ದಾರ ಕಟ್ಟಿ, ಹ್ಯಾಂಡಲಿನ ಕೊಳವೆಯನ್ನು ಬಳಸಿ, ಇನ್ನೊಂದು ಬದಿಗೆ ತಂದು, ಸೀಟಿನ ಕೊಳವೆಯಿಂದ ಎರಡೂ ಕಡೆ ದಾರ ಸಮದೂರದಲ್ಲಿದೆಯೇ ಎಂದು ನೋಡುತ್ತಾ ಮರದ ಹಲಗೆಯಿಂದ ನಿಧಾನವಾಗಿ ಒತ್ತಿದೆವು. ಮೊದಲ ಒತ್ತಿಗೆ ಎಡಬದಿ ಹೆಚ್ಚು ಬಾಗಿತ್ತು, ದಾರ ಇಲ್ಲದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಗೇರ್ ಬದಲಿಸುವ ಹಿಂದಿನ ಡಿರೇಲರ್‌ಗೆ ಫ್ರೇಮಿನಲ್ಲಿ ಕಿವಿ ಇಲ್ಲ. ಆಕ್ಸಲ್ ಜೊತೆ ಸಿಕ್ಕಿಸುವ ಕೊಂಡಿಯಿರುವ ಶಿಮಾನೋದ ಅಗ್ಗದ ಡಿರೇಲರ್ ಹಾಕಿ ಅದನ್ನು ಮುಗಿಸಿದೆವು.

ಈ ಲೇತಿನಲ್ಲಿ ಆಗದ ಕೆಲಸವೂ ಇದೆ, ಅದನ್ನು ಅವರೇ ಮೊದಲು ಹೇಳುತ್ತಾರೆ. ಪೆಡಲ್‌ಗಳ ನಡುವಿನ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಆಕ್ಸಲ್ಲಿನಲ್ಲಿ ಗುಂಡುಗಳು ಉರುಳುವ ಜಾಗ ಗುಳಿಬಿದ್ದಿತ್ತು. ಹೊಸದೊಂದನ್ನು ಮಾಡಿಕೊಡಿ ಎಂದು ಕೇಳಿದೆ. ರೂಪ ತರಬಹುದು, ಆದರೆ ಗಡಸು ಬರಿಸಿ ಗ್ರೈಂಡಿಂಗ್ ಮಾಡದ ಮೆದು ಕಬ್ಬಿಣ ಕೆಲವೇ ವಾರಗಳಲ್ಲಿ ಸವೆದು, ಗುಂಡುಗಳು ಕೂರುವ ಒಳ್ಳೆಯ ಕಪ್‌ಗಳನ್ನೂ ಕೆಡಿಸುತ್ತದೆ ಎಂದು ಹೇಳಿ ಹಣ ಬಿಟ್ಟರು. ಕಪ್‌ಗಳೂ 26 ಥ್ರೆಡ್‌ನವೇ ಆದ್ದರಿಂದ ಅವನ್ನು ಕಳೆದುಕೊಂಡರೆ ಮುಂದೆ ಫ್ರೇಮಿಗೇ ಕತ್ತರಿ. ಕೊನೆಗೆ ಸೈಕಲ್ ಅಂಗಡಿಯ ಹಿರಿಯರು ಹಳೆಯ ಆಕ್ಸಲ್‌ಗಳ ಡಬ್ಬಿ ಸುರುವಿ, ನನ್ನದನ್ನು ಪಕ್ಕಕ್ಕಿಟ್ಟು ಹೋಲಿಸುತ್ತಾ, ಗುಂಡಿನ ದಾರಿಗಳ ನಡುವಿನ ಅಂತರ ಸರಿಹೊಂದುವ ಒಂದನ್ನು ಅರ್ಧ ಗಂಟೆಯಲ್ಲಿ ಹುಡುಕಿದರು. ಬಲಗಡೆಯ ಕಪ್ಪನ್ನು ಬಿಚ್ಚದೆ ಅಲ್ಲಿಯೇ ಸೀಮೆಎಣ್ಣೆಯಲ್ಲಿ ತೊಳೆದು, ಬದಿಗೆ ಹನ್ನೊಂದರಂತೆ ಕಾಲಿಂಚಿನ ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿದರು.

ಕಾಟರ್ ಪಿನ್ ಬಗ್ಗೆ ಒಂದು ಮಾತು. ಬ್ರಿಟಿಷ್ ಸೈಕಲ್‌ಗಳ ಪಿನ್ 9.5 ಮಿ.ಮೀ.; ಊರಿನ ದೊಡ್ಡ ಸೈಕಲ್ಲಿಗೆ ಹಾಕುವುದೇ ನನ್ನದಕ್ಕೂ ಹೊಂದಿತು. ಆದರೆ ಹೊಸ ಪಿನ್ನಿನ ಚಪ್ಪಟೆ ಮುಖದ ಇಳಿಜಾರು ಹಾಗೆಯೇ ಸರಿಯಾಗುವುದಿಲ್ಲ, ಎರಡು ಪೆಡಲ್‌ಗಳು ನೇರ ಗೆರೆಯಲ್ಲಿ ನಿಲ್ಲುವವರೆಗೆ ಅರದಿಂದ ಉಜ್ಜಿ ಮತ್ತೆ ಮತ್ತೆ ಕೂರಿಸಿ ನೋಡಬೇಕು, ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಪೈಪು ಕೊಟ್ಟು ಏಟು ನೆಲಕ್ಕೆ ಇಳಿಯುವಂತೆ ಮಾಡಬೇಕು. ಇಲ್ಲದಿದ್ದರೆ ಹೊಡೆತವೆಲ್ಲ ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ನಾಮದ ಚಿಲುಮೆಯ ದಾರಿಯಾಗಿ ದೇವರಾಯನದುರ್ಗದ ಏರಿಗೆ ಮೊದಲ ಸಲ ಒಯ್ದಾಗ ಎಡಗಡೆಯ ಪಿನ್ ಕಚ್ಚಿಕೊಳ್ಳದೆ ಟಕಟಕ ಎನ್ನತೊಡಗಿತು. ಏರುವುದನ್ನು ಅಲ್ಲಿಗೇ ಬಿಟ್ಟು ಇಳಿದು ಬಂದು, ಮತ್ತೆ ಉಜ್ಜಿಸಿ ಬಿಗಿಸಿದ ಮೇಲೆ ನಾಲ್ಕು ತಿಂಗಳಿಂದ ಸದ್ದಿಲ್ಲ. ಆ ನಟ್ ಕೂಡ ಒಂದು ಸಲವೂ ಸಡಿಲಾಗಿಲ್ಲ.

ಅಂಗಡಿಯ ತೊಂದರೆಯೆಂದರೆ ಸಮಯ. ಸೋಮವಾರ ಎಂದ ಕೆಲಸ ಮೂರು ವಾರ ಹಿಡಿಯಿತು, ಏಕೆಂದರೆ ಬೇಸಿಗೆಯಲ್ಲಿ ಬೋರ್‌ವೆಲ್ ಪಂಪಿನ ಕೆಲಸಗಳೇ ಮುಂದೆ ಹೋಗುತ್ತವೆ. ಒಂದು ಪಂಪು ನಿಂತರೆ ಒಂದು ಅಡಿಕೆ ತೋಟ ಬಾಡುತ್ತದೆ, ಹೀಗಾಗಿ ನಾನು ಅವಸರಿಸಲಿಲ್ಲ. ಅವಸರವಿರುವವರು ಮಳೆ ಬಿದ್ದ ಮೇಲೆ ಹೋಗುವುದು ಒಳ್ಳೆಯದು. ಬಿಲ್ ಕೊಡುವುದಿಲ್ಲ, ಅಳತೆಗಳನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಹಬ್ಬಿನ ಕೆಲಸದ 200 ರೂಪಾಯಿ ಸೇರಿ ನಾನು ಲೇತಿಗೆ ಕೊಟ್ಟದ್ದು ಒಟ್ಟು 800. ಹೋಗುವವರು ಒಡೆದ ಭಾಗದ ಜೊತೆಗೆ ಅದು ಕೂರಬೇಕಾದ ಫೋರ್ಕನ್ನೋ ಫ್ರೇಮನ್ನೋ ಒಯ್ಯಿರಿ, ಭಾನುವಾರ ರಜೆ. ನನ್ನ ನಟ್ಟಿಗಾಗಿ ಕತ್ತರಿಸಿದ ಸರಳಿನಲ್ಲಿ ಮಿಕ್ಕದ್ದರಿಂದ ಅವರು ಅದೇ ಅಳತೆಯ ಇನ್ನೊಂದನ್ನು ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದ್ದಾರೆ. ಕಳೆದ ವಾರ ಹೋದಾಗ ಅದು ಅಲ್ಲಿಯೇ ಇತ್ತು.